ಬಳಚಿನ ಬಾಯಿ

ಅಮಾಸೆಯ ಇಳಿತ, ಬೆಳಗಿನ ಆರೂಮುಕ್ಕಾಲಿಗೆ.
ಚಾ ಕುಡಿದು ಶೂ ಹುಡುಕುತ್ತೇನೆ,
ಮಗ ಶಾಲೆಗೆ ಹಾಕಿ ಬಿಟ್ಟ ಬಿಳಿ ಕ್ಯಾನ್ವಾಸು.
ಒಂದು ಸಿಕ್ಕಿತು. ಇನ್ನೊಂದನ್ನು ನಾಯಿ ಒಯ್ದು
ಬಾವಿಕಟ್ಟೆಯ ಹತ್ತಿರ ಕಾಯುತ್ತ ಕೂತಿದೆ.

"ಇವತ್ತೂ ಹೋಗ್ತ್ಯನೇ?" ಕೇಳುತ್ತಾಳೆ ಅತ್ತೆ
ತನ್ನ ಎದೆಯ ಮೇಲೆ ತಾನೇ ಕೈಯಿಟ್ಟುಕೊಂಡು,
ಹೊಲಿಗೆ ಅವಳಿಗೇ ಬಿದ್ದ ಹಾಗೆ.

ನಾಲ್ಕನೇ ಇಯತ್ತೆಯಲ್ಲಿ ಜ್ವರ ಬಂದಿತ್ತು,
ಮೊಣಕಾಲು, ಮೊಣಕೈ ಬಾತು.
ಅಬ್ಬೆ ಎಣ್ಣೆ ಬಿಸಿಮಾಡಿ ತಿಕ್ಕಿದಳು.
ಗಂಟು ಇಳಿಯಿತು. ಜ್ವರ ಮಾತ್ರ
ಇನ್ನೂ ಒಳಗೆ ನಡೆದು, ಎದೆಯ ಒಂದು ಬಾಗಿಲನ್ನು
ಮೆಲ್ಲಗೆ ಕಡಿಯುತ್ತಿತ್ತು, ಮೂವತ್ತು ವರ್ಷ.
ಯಾರಿಗೆ ಗೊತ್ತು?
ಕುಮಟೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಉಸಿರು ಸಿಕ್ಕಿಕೊಂಡಾಗ
ಮೈ ಬಂತು ಎಂದುಕೊಂಡೆ.

ಮಂಗಳೂರಲ್ಲಿ ಕೊಯ್ದರು. ಹೊಸ ಬಾಗಿಲು ಕೂಡಿಸಿದರು.
ಎರಡು ಎಲೆಯದ್ದು, ಎಂದರು ಡಾಕ್ಟರು,
ಎರಡು ಕೈ ಜೋಡಿಸಿ, ತೆರೆದು, ಮುಚ್ಚಿ ತೋರಿಸಿದರು.
ನಾನು ನಕ್ಕೆ. ಹೊಲಿಗೆ ಎಳೆಯಿತು.
ಅದು ಬಳಚು ಮಾರಾಯ್ರೆ!
ಹನ್ನೆರಡನೇ ವಯಸ್ಸಿನಿಂದ ಅದನ್ನೇ ಹೆಕ್ಕಿದ್ದೇನೆ.

"ಗಾಯ ಮಾತ್ರ ಮಾಡ್ಕೋಬೇಡಿ" ಎಂದರು,
"ರಕ್ತ ನಿಲ್ಲೋದಿಲ್ಲ ಬೇಗ."
ಚಿಪ್ಪಿನ ಮೇಲೆ ಬದುಕುವವಳಿಗೆ ಹೇಳುವ ಮಾತೇ ಇದು?

ಆರು ತಿಂಗಳು ಕೂತೆ.
ಗೋಡೆಯ ಹಲ್ಲಿಗೆ ಹೆಸರಿಡುವಷ್ಟು ಕೂತೆ.
ಏಳನೇ ತಿಂಗಳು ನೀರಿಗಿಳಿದೆ, ಬರೀ ನಿಲ್ಲಲು, ಎಂದು ಹೇಳಿ.

ಮುಂಚೆ ಕಾಲಿಗೇ ಕಣ್ಣಿತ್ತು.
ಹೆಬ್ಬೆರಳು ಕೆಸರಲ್ಲಿ ತಡವಿ ಹೇಳುತ್ತಿತ್ತು
ಇದು ಕಲ್ಲು, ಇದು ಸತ್ತ ಚಿಪ್ಪು, ಇದು ಜೀವ.
ಶೂ ಹಾಕಿದ ಮೇಲೆ ಕಾಲು ಕುರುಡು.
ಈಗ ಬಗ್ಗಬೇಕು, ರಬ್ಬರು ಕೈಚೀಲದಲ್ಲಿ ಕೆದಕಬೇಕು,
ದಿನಕ್ಕೆ ಎರಡು ಪಾತ್ರೆಯಾಗುತ್ತಿದ್ದುದು ಒಂದೂಕಾಲು.
ಸೊಂಟಕ್ಕೆ ಕಟ್ಟಿದ ಪಾತ್ರೆ ಅಘನಾಶಿನಿಯ ಮೇಲೆ
ಮೊಲೆ ಬಿಡದ ಕರುವಿನ ಹಾಗೆ ಹಿಂದೆ ಹಿಂದೆ.

ಗಾಳಿ ನಿಂತರೆ ನನ್ನ ಎದೆ ಎಲ್ಲರಿಗೂ ಕೇಳುತ್ತದೆ.
"ಗಂಟೆ ಎಷ್ಟಾತೇ ಮೋಹಿನಿ?" ಎನ್ನುತ್ತಾಳೆ ಗಣಪಿ.
"ನಿನ್ನ ಹೊಳೆ ತುಂಬೂ ಹೊತ್ತು" ಎನ್ನುತ್ತೇನೆ.

ಒಮ್ಮೆ ಕೊಯ್ಯಿತು ನಿಜ, ಮಣಿಕಟ್ಟಿಗೆ, ಕಲ್ವದ ಅಂಚು.
ಸೆರಗು ಒತ್ತಿ ಹಿಡಿದು ನಿಂತೆ.
ಹೆಂಗಸರು ಸುತ್ತ ನಿಂತರು, ಯಾರೂ ಮಾತಾಡಲಿಲ್ಲ.
ಉಬ್ಬರ ತಿರುಗಿ ಸೊಂಟ ಮುಟ್ಟುವ ಹೊತ್ತಿಗೆ
ರಕ್ತ ನಿಂತಿತು.
ಗಣಪಿ ನನ್ನ ಪಾತ್ರೆಯನ್ನೂ ಹೊತ್ತಳು,
ದಾರಿಯುದ್ದಕ್ಕೂ ಬೈದಳು.

ತಿಂಗಳಿಗೊಮ್ಮೆ ಕುಮಟೆಯ ಲ್ಯಾಬಿನಲ್ಲಿ ಬೆರಳು ಕೊಡುತ್ತೇನೆ.
ಎರಡೂವರೆಗಿಂತ ಕೆಳಗೆ ಬಂದರೆ ರಕ್ತ ದಪ್ಪ,
ಮೂರೂವರೆ ದಾಟಿದರೆ ತೆಳು.
ಹೊಳೆಯೂ ಹಾಗೇ.
ಉಪ್ಪು ಹೆಚ್ಚಾದರೆ ಬಳಚು ಸಾಯುತ್ತದೆ,
ಮಳೆನೀರು ಹೆಚ್ಚಾದರೂ.
ನಡುವಿನ ನೀರೇ ಬೇಕು ಅದಕ್ಕೆ.
ಲ್ಯಾಬಿನ ಹುಡುಗನಿಗೆ ಇದನ್ನು ಹೇಳಿದೆ.
"ಬಸಳೆ ತಿಂದ್ರಾ?" ಎಂದ ಅವನು, ಚೀಟಿ ನೋಡುತ್ತ.
ತಿಂದಿದ್ದೆ.

ರಾತ್ರಿ, ಮರಳು ಉಗುಳಲೆಂದು
ಬಳಚನ್ನು ಉಪ್ಪುನೀರಲ್ಲಿ ಹಾಕಿಟ್ಟಿರುತ್ತೇನೆ.
ಕತ್ತಲಲ್ಲಿ ಅವು ಬಾಯಿ ತೆರೆಯುತ್ತವೆ, ಮುಚ್ಚುತ್ತವೆ.
ಟಿಕ್. ಸ್ವಲ್ಪ ಬಿಟ್ಟು, ಟಿಕ್.
ಗಂಡ ಮಗ್ಗುಲು ಬದಲಿಸಿ ಕೇಳುತ್ತಾನೆ,
"ಇದು ನೀನಾ, ಅವಾ?"

ಮಲಗು ಎನ್ನುತ್ತೇನೆ.
ನಾಳೆ ಇಳಿತ ಏಳೂವರೆಗೆ.