ಜುಟ್ಟುಗಳ ಲೆಕ್ಕ

ಗ್ಯುಮ್ರಿಯಿಂದ ಶುಶಾನಿಕ್ ಬಂದಿಳಿದದ್ದು ಗುರುವಾರ,
ಟಿಬಿಲಿಸಿಯ ಹಳೇ ಬಸ್‌ಸ್ಟ್ಯಾಂಡಿನಲ್ಲಿ,
ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ
ಪತ್ರಿಕೆಯಲ್ಲಿ ಸುತ್ತಿದ ಒಣ ಏಪ್ರಿಕಾಟು.
"ಹಸಿವಾ?" ಅಂದೆ, ಹೇಗಿದ್ದೀ ಎನ್ನುವ ಮೊದಲೇ.
"ಹಸಿವು" ಅಂದಳು, ಕೆನ್ನೆಗೆ ಕೆನ್ನೆ ತಾಗಿಸಿ.
ಇಬ್ಬರಿಗೂ ಬರುವುದು ಆ ಹಳೇ ರಷ್ಯನ್ನು ಒಂದೇ,
ತುಕ್ಕು ಹಿಡಿದ ಕೀಲಿಕೈ,
ಅಲುಗಾಡಿಸಿದರೆ ಈಗಲೂ ತಿರುಗುತ್ತದೆ.

ಒಂದೇ ಹಾಸ್ಟೆಲಿನಲ್ಲಿದ್ದು ಹಲ್ಲು ಕಟ್ಟುವುದು ಕಲಿತವರು ನಾವು.
ನಲವತ್ತು ವರ್ಷ ಊರವರ ಬಾಯಿಯ ಅಚ್ಚು ತೆಗೆದವರು.
ಯಾರು ಬಲಗಡೆ ಅಗಿಯುತ್ತಾರೆ,
ಯಾರು ಅಗಿಯದೆ ನುಂಗುತ್ತಾರೆ,
ಎದುರು ಕೂತರೆ ಸಾಕು, ಗೊತ್ತಾಗಿಬಿಡುತ್ತದೆ.
ಬಿಡಲಾಗದ ಕೆಟ್ಟ ಚಾಳಿ.

ನದಿ ದಾಟಿ, ಹನ್ನೆರಡು ಮೆಟ್ಟಿಲಿಳಿದರೆ ವಾಝಾನ ನೆಲಮಾಳಿಗೆ.
ಹಬೆ, ಬಿಯರು, ಟೀವಿಯಲ್ಲಿ ಯಾರದೋ ಕುಸ್ತಿ.
ಹಿಂಕಾಲಿ ಅಂದರೆ ಕಡುಬೇ, ಆದರೆ ನೆತ್ತಿಗೊಂದು ಜುಟ್ಟು.
ಜುಟ್ಟು ಹಿಡಿದೆತ್ತಿ ಬದಿಗೊಂದು ಸಣ್ಣ ಕಚ್ಚು,
ಒಳಗಿನ ಬಿಸಿ ರಸ ಸೊರ್ರನೆ ಹೀರಿ,
ಆಮೇಲೆ ಮಾಂಸ.
ಜುಟ್ಟು ಮಾತ್ರ ತಿನ್ನುವಂತಿಲ್ಲ.
ತಟ್ಟೆಯಂಚಿಗೆ ಸಾಲಾಗಿ ಇಡಬೇಕು,
ಎಷ್ಟು ತಿಂದೆ ಎಂಬುದಕ್ಕೆ ಅವೇ ಸಾಕ್ಷಿ.
ಫೋರ್ಕು ಕೇಳಿದವರನ್ನು ವಾಝಾ ಇವತ್ತಿಗೂ ಕ್ಷಮಿಸಿಲ್ಲ.

ಇದೇ ಶುಶಾನಿಕ್, ಹತ್ತೊಂಬತ್ತರ ಹರೆಯದಲ್ಲಿ,
ಪಂಥ ಕಟ್ಟಿ ಇಪ್ಪತ್ತೆರಡು ಮುಗಿಸಿದವಳು,
ಸೋತ ಹುಡುಗನ ಕೈಗಡಿಯಾರ ಬಿಚ್ಚಿಸಿಕೊಂಡವಳು.
(ಗಡಿಯಾರ ನಿಂತಿದೆಯಂತೆ. ಹುಡುಗನೂ ಇಲ್ಲವಂತೆ.)

ಮೊದಲ ದಿನ ಅವಳ ತಟ್ಟೆಯಲ್ಲಿ ಏಳು.
"ಪ್ರಯಾಣದ ಸುಸ್ತು" ಅಂದಳು.
ಮಾರನೇ ದಿನ ಬೇಕರಿಯ ಮೂಲೆಯ ಮೇಜು,
ಹುರುಳಿಕಾಯಿಯ ಕಾಳು ಅರೆದು ತುಂಬಿದ ರೊಟ್ಟಿ,
ಪಾಚಿಗಿಂತ ಹಸಿರಾದ ಪಾನಕ.
ಅಲ್ಲಿ ತಿಂದದ್ದಕ್ಕಿಂತ ಜಗಳಾಡಿದ್ದೇ ಜಾಸ್ತಿ:
"ನಮ್ಮ ಲವಾಶಿನ ಮುಂದೆ ನಿಮ್ಮದೂ ಒಂದು ರೊಟ್ಟಿಯೇ?
ಅದು ದೋಣಿ! ಹುಟ್ಟು ಹಾಕಬೇಕು, ಹಲ್ಲು ಹಾಕಬಾರದು."
ಪಕ್ಕದ ಮೇಜಿನ ಮುದುಕ ನಕ್ಕ, ಕೆಳಗಿನ ಸೆಟ್ಟು ಸಡಿಲ.
ಇಬ್ಬರೂ ಒಟ್ಟಿಗೇ ಗಮನಿಸಿದೆವು,
ಒಟ್ಟಿಗೇ ಕಣ್ಣು ತಪ್ಪಿಸಿದೆವು.
ರೊಟ್ಟಿಯ ಚೂರೊಂದನ್ನು ಅವಳು ಬಹಳ ಹೊತ್ತು
ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳು.

ಶನಿವಾರ ಮತ್ತೆ ವಾಝಾ, ಅವಳದೇ ಹಟ.
ಇಬ್ಬರ ನಡುವೆ ಒಂದು ಪರಾತ, ಇಪ್ಪತ್ತು ಹಿಂಕಾಲಿ.
ಕೈ ತೊಳೆಯಲು ಎದ್ದಾಗ ನನ್ನಂಚಿನಲ್ಲಿ ಹನ್ನೊಂದು ಜುಟ್ಟು,
ಅವಳದರಲ್ಲಿ ಎರಡು.
ನಲ್ಲಿಯ ಮೇಲಿನ ಒಡಕು ಕನ್ನಡಿಯಲ್ಲಿ ಕಂಡೆ,
ಕುಸ್ತಿ ನೋಡುವವಳಂತೆ ಮುಖ ಟೀವಿಗೆ ಮಾಡಿ
ಬೆರಳೆರಡು ಮಾತ್ರ ನನ್ನ ತಟ್ಟೆಗೆ ಬಂದು
ಒಂದು, ಇನ್ನೊಂದು, ಮತ್ತೆರಡು.
ಅಚ್ಚಿನಿಂದ ಹಲ್ಲು ಬಿಡಿಸುವ ಅದೇ ನಾಜೂಕು.

ನಲ್ಲಿ ಹಾಗೇ ಹರಿಯುತ್ತಿತ್ತು.
ಹೊಟ್ಟೆಗಿಲ್ಲದ್ದು ಜುಟ್ಟಿಗೆ.

ಬಂದು ಕೂತೆ. ನನ್ನವು ಏಳು, ಅವಳವು ಆರು.
"ಏನೇ ಇದು, ಇಷ್ಟೇನಾ ತಿಂದದ್ದು ನಾನು?"
"ಅದನ್ನೇ ನೋಡುತ್ತಿದ್ದೆ" ಅಂದಳು,
"ಇಳಿದುಹೋಗಿದ್ದೀಯ. ವೈದ್ಯರಿಗೆ ತೋರಿಸಿಕೋ."
ತೋರಿಸಿಕೊಳ್ಳುತ್ತೇನೆ ಅಂದೆ.
ನೀನು? ಎಂದು ಕೇಳಲು ಬಾಯಿ ತೆರೆದೆ,
ಆ ಹೊತ್ತಿಗೆ ವಾಝಾ ಬಿಲ್ಲು ತಂದ.
ಅದಕ್ಕಾಗಿ ನಡೆದ ಜಗ್ಗಾಟದಲ್ಲಿ ಗೆದ್ದವಳು ಅವಳೇ,
ಮಣಿಕಟ್ಟು ಹಿಡಿದಾಗ ಮೂಳೆ ಸಿಕ್ಕಿತು, ಬಿಟ್ಟುಬಿಟ್ಟೆ.

ಭಾನುವಾರ ಬಸ್ಸು. "ಮುಂದಿನ ಸಲ ನಮ್ಮೂರಿಗೆ,
ಮೀನು ತಿನ್ನಿಸುತ್ತೇನೆ" ಅಂದಳು ಕಿಟಕಿಯಿಂದ.
ಮುಂದಿನ ಸಲ, ಅಂದೆ.

ಉಳಿದ ಏಳನ್ನು ವಾಝಾ ಕಟ್ಟಿಕೊಟ್ಟಿದ್ದ.
ಸೋಮವಾರ ಬೆಳಿಗ್ಗೆ ಬೆಣ್ಣೆಯಲ್ಲಿ ಕರಿದು
ನಿಂತೇ ತಿಂದೆ, ಒಲೆಯ ಪಕ್ಕ, ಬಾಣಲೆಯಿಂದಲೇ,
ಜುಟ್ಟುಗಳನ್ನೂ ಬಿಡದೆ.
ಗಟ್ಟಿಯಿದ್ದವು. ಬಹಳ ಹೊತ್ತು ಅಗಿದೆ.