ಅಲಗಿಲ್ಲದ ರಂದಾ

ಅಥಣಿ, ದಾವಲಸಾಬನ ಅಂಗಡಿ. ರಂದಾ ನಾಕು.

ಉದ್ದನ್ನದು ತೂನಿನ ಹಲಗಿಗೆ.
ಹೊಟ್ಟಿ ಉಬ್ಬಿದ್ದು ಒಳಮೈಗೆ —
ನಾರು ತಿರುಗಿದಲ್ಲಿ ನೀನೂ ತಿರುಗು,
ಇಲ್ಲಾಂದ್ರ ಹರೀತೈತಿ.
ಹೆಬ್ಬಟ್ಟಿನಷ್ಟು ಹಿತ್ತಾಳಿದು ಕಡೀಗೆ.

ನಾಕನೇದಕ್ಕ ಅಲಗಿಲ್ಲ.
ಕೇಳಿದ್ರ ಸಾಣಿಕಲ್ಲಿಗೆ ನೀರು ಚಿಮುಕಿಸಿ ಸುಮ್ಮನಾದ.

ಚಿಕ್ಕೋಡಿ ಟೀಚರಬಾಯಿಯ ತಂಬೂರಿ ನನ್ನ ಕೈಗೆ.
ತಬಲಿ ತಟ್ಟಿದೆ, ಕೀಸಿದೆ, ತಟ್ಟಿದೆ.
ತುಂಬಿದ ಕೊಡ ಇದ್ದದ್ದು ಗಂಟಿ ಆತು.
ಸಾಕಿತ್ತು.
ಇನ್ನೊಂದು ಸುರುಳಿ ಎದ್ದಿತು,
ಬೆಳ್ಳುಳ್ಳಿ ಸಿಪ್ಪಿಗಿಂತ ತೆಳುವು,
ಅದರ ಬೆನ್ನಿಗೇ ದನಿ ಒಡೀತು.

ದಾವಲಸಾಬ ಬೈಯಲಿಲ್ಲ.
ಹೊಸ ಹಲಗಿ ಇಟ್ಟ,
ಬಾಜೂಕ ಆ ಅಲಗಿಲ್ಲದ್ದು.
"ಮುಗದ ಮ್ಯಾಗೂ ಕೈ ಕೇಳಂಗಿಲ್ಲಲ್ಲ,
ಆವಾಗ ಇದನ್ನ ಹೊಡಿ."

ಟೀಚರಬಾಯಿ ಶ್ರಾವಣಕ್ಕ ಬರ್ತಾಳ.
ಸುರುಳಿ ಇನ್ನೂ ನನ್ನ ಕಿಸೇದಾಗೈತಿ.