ಷರಾ

ಗೂಡು ಸಂಖ್ಯೆ ಮೂರು.
ಬೀದರಿನಿಂದ ಹದಿನಾಲ್ಕು ಕಿಲೋಮೀಟರು, ಜಂಬಿಟ್ಟಿಗೆಯ ಬಯಲು.
ಬಾಯಿ ನಾಲ್ಕು, ಬಳಕೆಯಲ್ಲಿರುವುದು ಎರಡು.
ಸುತ್ತ ಸಿಕ್ಕಿದ್ದು: ಜೀರುಂಡೆಯ ರೆಕ್ಕೆ, ಬಾರಿಹಣ್ಣಿನ ಬೀಜ,
ಇಲಿಯ ದವಡೆ, ಓತಿಯ ಬಾಲದ ತುಂಡು,
ಮತ್ತೆ ಒಂದು ಚಪ್ಪಲಿ.
ಎಡಗಾಲಿನದು. ಟೈರಿನ ಅಟ್ಟೆ.

ಎಲ್ಲಕ್ಕೂ ಅಂಕಣಗಳಿವೆ.
ಚಪ್ಪಲಿಗೆ ಇಲ್ಲ.
ಷರಾದಲ್ಲಿ ಬರೆದೆ.

ತರಬೇತಿಯ ದಿನ ಪರದೆಯ ಮೇಲೆ
ಧ್ರುವದ ನರಿ ತೋರಿಸಿದ್ದರು.
ಚಳಿಗೆ ಹಿಮದ ಬಿಳಿ, ಬೇಸಿಗೆಗೆ ಬಂಡೆಯ ಕಂದು.
ಒಂದೇ ಗೂಡಿನಲ್ಲಿ ನೂರಾರು ವರ್ಷ
ಮರಿಮಕ್ಕಳ ಮರಿಮಕ್ಕಳಂತೆ,
ಗೊಬ್ಬರ ಬಿದ್ದು ಬಿದ್ದು
ಗೂಡಿನ ನೆತ್ತಿಯ ಮೇಲಷ್ಟೇ ಹಸಿರಂತೆ.
ಹೊರಗೆ ನಲವತ್ತೆರಡು ಡಿಗ್ರಿ.
ಕರೆಂಟು ಹೋಯಿತು.
ಬಿಳಿ ನರಿ ಗೋಡೆಯೊಳಕ್ಕೆ ಹೋಯಿತು.

ನಮ್ಮದು ಅಷ್ಟು ಚೆಂದದ್ದಲ್ಲ.
ಸಣಕಲು ಕಾಲು, ಮುಖಕ್ಕಿಂತ ದೊಡ್ಡ ಕಿವಿ,
ಮಸಿಯಲ್ಲಿ ಅದ್ದಿ ತೆಗೆದ ಬಾಲದ ತುದಿ.
ಯಾವ ಋತುವಿಗೂ ಬಣ್ಣ ಬದಲಿಸದು.
ಇಲ್ಲಿ ನೆಲವೇ ಬದಲಿಸುತ್ತದೆ:
ಹೋದ ವರ್ಷ ಕೆಂಪಗಿದ್ದಲ್ಲಿ ಈ ವರ್ಷ
ಸುಣ್ಣ ಬಳಿದ ಗುರುತುಕಲ್ಲು, ಸಾಲಿಗೆ ಸಾಲು.
ಒಂದನೇ ಗೂಡಿಗೆ ಈಗ
ಪ್ಲಾಟು ನಂಬರು ಅರವತ್ತೊಂದು.

ಅಮ್ಮಿಗೆ ನರಿಯೆಂದರೆ ಲೋಮಡಿ,
ಕತೆಯೊಳಗೆ ಮೋಸ ಮಾಡಿ ಸಿಕ್ಕಿಬೀಳುವುದು.
"ಅದನ್ನ ಎಣಿಸಲಿಕ್ಕೆ ಪಗಾರ ಕೊಡ್ತಾರಾ?" ಎನ್ನುತ್ತಾಳೆ,
ಎನ್ನುತ್ತಲೇ ಡಬ್ಬಿಯಲ್ಲಿ ಎರಡು ರೊಟ್ಟಿ ಜಾಸ್ತಿ ಇಡುತ್ತಾಳೆ.
ಅವು ಝರೆಪ್ಪನಿಗೆಂದು ಅವಳಿಗೂ ಗೊತ್ತು.

ಝರೆಪ್ಪ ಕುರಿ ಕಾಯುತ್ತಾನೆ.
ನಾನು ಎಣಿಸುವ ಮೊದಲೇ ಎಣಿಸಿ ಮುಗಿಸಿರುತ್ತಾನೆ.
"ಮರಿ ಎಷ್ಟು, ಝರೆಪ್ಪ?"
"ನಿಮ್ಮ ಕ್ಯಾಮೆರಾ ಏನನ್ಲತ್ತದ?"
"ಮೂರು."
"ಹಂಗಾರ ಮೂರೇ ಇರ್ಲಿ ತಗೋರಿ."

ಅವನ ಎಡಗಾಲು ಬರಿಗಾಲೆಂದು
ಮೊದಲ ದಿನವೇ ಕಾಣಬೇಕಿತ್ತು ನನಗೆ.
ಹಿಕ್ಕೆ ನೋಡುತ್ತ, ಪಂಜದ ಗುರುತಿಗೆ ಅಳತೆಪಟ್ಟಿ ಇಡುತ್ತ
ಪಕ್ಕದಲ್ಲೇ ನಿಂತ ಕಾಲು ಕಾಣಲಿಲ್ಲ.
ಐದನೆಯ ದಿನ ಕೇಳಿದೆ,
"ನಿಂದೇನಾ ಅಲ್ಲಿರೋದು? ತಂದುಕೊಡಲಾ?"

"ಬ್ಯಾಡ್ರಿ. ಬಾರಿಗಿಡದ ಬುಡಕ ಮಕ್ಕೊಂಡಿದ್ನಿ,
ಬಂದು ಒಯ್ದಾವ.
ಹಲ್ಲು ಬರ್ಲತ್ತಾವ, ಕಡೀಲಿ."

ಒಂದು ಸಂಜೆ ಜೀಪು ಬಂತು.
ನಕ್ಷೆ ಹಿಡಿದವನು ಇಳಿಯದೆ ಕೇಳಿದ,
"ಈ ಕಡೆ ನರಿಗಿರಿ ಏನಾದರೂ ಅವೇನಪ?"
ಝರೆಪ್ಪ ಆಕಾಶ ನೋಡಿದ. ಕುರಿ ನೋಡಿದ.
"ನಮ್ಮ ಅಜ್ಜನ ಕಾಲಕ್ಕ ಇದ್ವಂತ್ರಿ."
ನನ್ನ ಚೀಲದಲ್ಲಿ ಅಕ್ಷಾಂಶ, ರೇಖಾಂಶ,
ದಶಾಂಶದ ಆರನೆಯ ಮನೆಯವರೆಗೆ.
ನಾನು ಬಾಟಲಿ ಎತ್ತಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀರು ಕುಡಿದೆ.

ಮಾರನೆಯ ದಿನ ಅವನು ಎರಡೂ ಕಾಲಲ್ಲಿ ಬರಿಗಾಲು.
ನೆಲ ಕಾದ ಹೆಂಚು,
ಗರಿಕೆ ಇದ್ದಲ್ಲಿ ಇದ್ದಲ್ಲಿ ಕಾಲಿಟ್ಟು ಬರುತ್ತಿದ್ದಾನೆ
ಹೊಳೆಯಲ್ಲಿ ಕಲ್ಲು ದಾಟುವವನಂತೆ.
ನಾನು ಕೇಳುವ ಮೊದಲೇ ಅಂದ:
"ಒಂದೇ ಇಟ್ಕೊಂಡು ನಾ ಏನ್ ಮಾಡ್ಲಿ,
ಒಂದೇ ಇಟ್ಕೊಂಡು ಅವರ ಏನ್ ಮಾಡ್ಯಾರು?
ಸೋಮವಾರ ಸಂತಿ ಅದ, ಬಿಡ್ರಿ."

ಚಿತ್ರ ನಾನೂರ ಹದಿನೇಳು.
ರಾತ್ರಿ ಎರಡು ಗಂಟೆ ಹನ್ನೊಂದು ನಿಮಿಷ.
ಬಲಗಾಲಿನ ಚಪ್ಪಲಿಯ ಬಾರು
ಎರಡು ಮರಿ ಆ ಕಡೆಗೆ, ಎರಡು ಈ ಕಡೆಗೆ.
ತಾಯಿಯದು ಚೌಕಟ್ಟಿನ ಅಂಚಿನಲ್ಲಿ
ಒಂದು ಕಿವಿ ಮಾತ್ರ,
ಅದೂ ನನ್ನ ಕಡೆಗೆ ತಿರುಗಿದೆ.

ಮರಿಗಳ ಸಂಖ್ಯೆ: ಮೂರು ಹೊಡೆದು ನಾಲ್ಕು ಮಾಡಿದೆ.
ಸ್ಥಳ: ಆಮೇಲೆ ತುಂಬುವುದು.
ಷರಾ: ಚಪ್ಪಲಿ, ಜೋಡಿ.